ಬೆವರಪ್ಪನ ಭಜನೆ

ಮನುಷ್ಯ ಅಂದ್ಮೇಲೆ ಏನಾದ್ರೂ ಒಂದು ಹುಚ್ಚು ಇದ್ದೇ ಇರತ್ತೆ. ಕೆಲವ್ರಿಗೆ ಸ್ಟಾಂಪು, ಕೆಲವ್ರಿಗೆ ಷೇರು, ನಮ್ಮ ಆಫೀಸಲ್ಲಿ ಒಬ್ಬರಿಗೆ ಭಾನುವಾರದ ಪೇಪರಿಂದ ಕೂಪನ್ ಕತ್ತರಿಸೋದು. ಹುಚ್ಚು ತಪ್ಪಲ್ಲ ರೀ. ಆದ್ರೆ ಹುಚ್ಚಿರೋನು ಒಂದೇ ಟೀವಿ ಇರೋ ಮನೇಲಿ ರೂಂಮೇಟ್ ಇಟ್ಕೋಬಾರ್ದು. ನನ್ನ ಹುಚ್ಚು ಏನು ಅಂತ ಹೇಳ್ತೀನಿ, ನಗಬೇಡಿ. ನಾನು ಮೈಸೂರು ಅಗ್ರಹಾರದ ಹುಡುಗ, ಮನೇಲಿ ಬೆಳಗ್ಗೆ ಎದ್ರೆ ರೇಡಿಯೋ ಸುಪ್ರಭಾತ, ಸಂಜೆ ಆದ್ರೆ ಅಕ್ಕನ ವೀಣೆ ಪಾಠ. ಅಂಥ ನನಗೆ, ಸೋಲ್ ಅನ್ನೋ ಥರದ ಸಂಗೀತ ಹಾಡೋ ಅಮೆರಿಕದ ಒಬ್ಬ ಗಾಯಕ ಅಂದ್ರೆ ಪ್ರಾಣ. ಆತ ಯಾವ ಕಾಲದಲ್ಲಿ ಯಾವ ದೇಶದ ಟೀವಿಲಿ ಹಾಡಿದ್ರೂ ಸರಿ, ಅದರ ವಿಡಿಯೋ ಟೇಪ್ ನನ್ನ ಹತ್ರ ಇರಬೇಕು. ಹೆಸರು ಮಾತ್ರ ಹೇಳಲ್ಲ. ಹೇಳಿದ್ರೆ ನೀವು "ಯಾರು?" ಅಂತೀರ, ನನಗೆ ಬೇಜಾರಾಗತ್ತೆ. ಹಾಗೆ ಕೇಳಿ ಎಷ್ಟೋ ಜನ ನನ್ನ ಸ್ನೇಹಾನೇ ಕಳ್ಕೊಂಡಿದಾರೆ. ಪಾಪ, ಅವರಿಗೆ ಅದಿನ್ನೂ ಗೊತ್ತಿಲ್ಲ.

ಇದು ಶುರುವಾಗಿದ್ದು ಬೆಂಚಲ್ಲಿ. ಬೆಂಚು ಅಂದ್ರೆ ಪಾರ್ಕಿನ ಬೆಂಚಲ್ಲ. ಎರಡು ಸಾವಿರನೇ ಇಸವಿ ಬರೋಕೆ ಮುಂಚೆ ಕಂಪ್ಯೂಟರಲ್ಲಿ ತಾರೀಕು ಸರಿ ಮಾಡೋ ವೈಟುಕೆ ಕೆಲಸ ಅಂತ ನನ್ನನ್ನ ಕರೆಸ್ಕೊಂಡ ಕನ್ಸಲ್ಟಿಂಗ್ ಕಂಪನಿಯೋರು, ಕ್ಲೈಂಟ್ ಸಿಗೋ ತನಕ ಅಮೆರಿಕದ ಕೆಂಡಲ್ ಪಾರ್ಕ್ ಅನ್ನೋ ಊರಲ್ಲಿ ಒಂದು ಅಪಾರ್ಟ್‌ಮೆಂಟಲ್ಲಿ ಇಟ್ಟಿದ್ರು. ಅಲ್ಲಿ ಮಾಡೋಕೆ ಇದ್ದಿದ್ದು ಎರಡೇ ಕೆಲಸ. ಒಂದು, ರೆಸ್ಯೂಮೆಲಿ ಸುಳ್ಳು ಜಾಸ್ತಿ ಆಯ್ತಾ ಕಮ್ಮಿ ಆಯ್ತಾ ನೋಡೋದು. ಇನ್ನೊಂದು, ಟೀವಿ ನೋಡೋದು. ಚಂದಾ ಎತ್ತೋ ಒಂದು ಚಾನೆಲ್ ಇತ್ತು, ಮಧ್ಯೆ ಮಧ್ಯೆ ಹಳೇ ಹಾಡು ಹಾಕೋರು. ಒಂದಿನ ಮಧ್ಯಾಹ್ನ ಮೊಸರನ್ನ ಕಲಸ್ತಾ ಇದ್ದೆ. ತೆರೆ ಮೇಲೆ ಒಬ್ಬ ಕುಳ್ಳಗೆ ದಪ್ಪಗಿರೋ ಆಸಾಮಿ ಬಂದ. ಕೋಟಿನ ಗುಂಡಿ ಈಗ ಹಾರತ್ತೆ ಆಗ ಹಾರತ್ತೆ ಅನ್ನೋ ಹಾಗಿತ್ತು. ಕಣ್ಮುಚ್ಚಿ ಹಾಡ್ತಾ ಇದಾನೆ, ಮದುವೆ ಮನೇಲಿ ಜಹಾಂಗೀರ್ ಸುತ್ತೋ ಅಡುಗೆ ಭಟ್ಟರ ಹಾಗೆ ಬೆವರು ಸುರೀತಾ ಇದೆ. ಒಂದು ಮಾತೂ ಅರ್ಥ ಆಗ್ಲಿಲ್ಲ. ಆದ್ರೆ ಹಾಡು ಮುಗಿಯೋ ಹೊತ್ತಿಗೆ ನನ್ನ ಕೈಯಲ್ಲಿದ್ದ ಮೊಸರನ್ನ ಕೈಯಲ್ಲೇ ಒಣಗಿತ್ತು. ಆ ವಾರ ಅಮ್ಮನಿಗೆ ಫೋನ್ ಮಾಡಿದಾಗ ಖುಷಿಯಾಗಿ ಹೇಳಿದೆ, "ಅಮ್ಮ, ಇಲ್ಲಿ ಸೋಲ್ ಮ್ಯೂಸಿಕ್ ಅಂತ ಇದೆ, ಅದನ್ನ ಕೇಳ್ತಾ ಇದೀನಿ." ಅಮ್ಮ "ಕೆಲಸ ಸಿಗದೇ ಇರೋವಾಗ ಸೋಲೋ ಮ್ಯೂಸಿಕ್ ಯಾಕೋ ಕೇಳ್ತೀಯ, ಗೆಲ್ಲೋದು ಏನಾದ್ರೂ ಕೇಳು" ಅಂದ್ಲು.

ಆಮೇಲೆ ಕ್ಲೈಂಟ್ ಸಿಕ್ತು, ಸಂಬಳ ಬಂತು, ಹುಚ್ಚು ಬಿಡ್ಲಿಲ್ಲ. ಯಾರೂ ಹೇಳಿಕೊಟ್ಟಿದ್ದಲ್ಲ, ಎಲ್ಲ ನಾನೇ ಕಲಿತಿದ್ದು. ಕುಯ್ಯೋ ಅಂತ ಕೂಗೋ ಮೋಡೆಮ್ ಹಾಕ್ಕೊಂಡು ಇಂಟರ್ನೆಟ್ಟಲ್ಲಿ ನನ್ನಂಥೋರನ್ನ ಹುಡುಕಿದೆ. ಇದಾರೆ ರೀ ಜನ! ಒಬ್ಬರ ಹತ್ರ ಇರೋ ಟೇಪ್ ಇನ್ನೊಬ್ಬರು ಕಾಪಿ ಮಾಡ್ಕೊಂಡು, ಅದರ ಕಾಪಿ ಮತ್ತೊಬ್ಬರು ಮಾಡ್ಕೊಂಡು, ನನಗೆ ಬರೋ ಹೊತ್ತಿಗೆ ಗಾಯಕನ ಮುಖ ಉಪ್ಪಿಟ್ಟಿನ ಹಾಗೆ ಆಗಿರತ್ತೆ. ಆದ್ರೂ ನೋಡ್ತೀನಿ. ಇದರಲ್ಲಿ ಎರಡು ಜಾತಿ. ಕೆಲವು ಕಾರ್ಯಕ್ರಮದಲ್ಲಿ ಹಿಂದೆ ರೆಕಾರ್ಡ್ ಹಾಕಿ, ಇವನ ಕೈಲಿ ಬರೀ ಬಾಯಿ ಆಡಿಸ್ತಾರೆ. ಇನ್ನು ಕೆಲವು ನಿಜವಾಗ್ಲೂ ಅಲ್ಲೇ ನಿಂತು ಹಾಡಿದ್ದು. ಬಾಯಾಡಿಸಿರೋದನ್ನ ಕಂಡ್ರೆ ನನಗೆ ಮೈಯೆಲ್ಲ ಉರಿ. ಮನೆಗೆ ಬಂದೋರಿಗೆಲ್ಲ ಟೇಪ್ ನಿಲ್ಲಿಸಿ ನಿಲ್ಲಿಸಿ ತೋರಿಸ್ತಿದ್ದೆ, "ನೋಡಿ, ಇಲ್ಲಿ ತುಟಿ ಮುಚ್ಚಿದಾನೆ, ಹಾಡು ಬರ್ತಾನೇ ಇದೆ!" ಅಂತ. ಬಂದೋರು ವಾಚ್ ನೋಡ್ಕೊಳ್ತಿದ್ರು.

ಒಳ್ಳೇ ಟೇಪ್ ಎಲ್ಲ ಯುರೋಪಿಂದ ಬರೋವು. ಅಲ್ಲೊಂದು ತೊಂದರೆ. ಯುರೋಪಿನ ಟೇಪೂ ನಮ್ಮ ಇಂಡಿಯಾದ ಟೇಪೂ ಒಂದು ಥರ, ಅಮೆರಿಕದ್ದೇ ಬೇರೆ ಥರ. ಅದನ್ನ ಇಲ್ಲಿಯ ವೀಸೀಆರ್‌ಗೆ ಹಾಕಿದ್ರೆ ಬರೀ ಕಪ್ಪು ಬಿಳಿ ಪಟ್ಟೆ ಉರುಳತ್ತೆ. ಹಾಗಾಗಿ ನಮ್ಮ ಇಂಡಿಯಾದೋರ ಅಂಗಡಿಗಳಿರೋ ಓಕ್ ಟ್ರೀ ರೋಡಿಗೆ ಹೋಗಿ, ಎಲ್ಲ ದೇಶದ ಟೇಪೂ ಓಡೋ ಮಲ್ಟಿ ಸಿಸ್ಟಂ ವೀಸೀಆರ್ ತಂದೆ. ಅಂಗಡಿಯವನು "ಮದುವೆ ಯಾವಾಗ ಆಯ್ತು?" ಅಂದ. ಇಲ್ಲ ಅಂದೆ. "ಮತ್ತೆ ಇದು ಯಾಕೆ?" ಅಂತ ಪಾಪ ಗಾಬರಿಯಾದ. ಯಾಕಂದ್ರೆ ನಮ್ಮೋರು ಇದನ್ನ ತಗೊಳ್ಳೋದೇ ಊರಿಂದ ಬರೋ ಮದುವೆ ಟೇಪ್ ನೋಡೋಕೆ. ಸುದ್ದಿ ಹಬ್ಬಿ, ನಮ್ಮ ಕಾಂಪ್ಲೆಕ್ಸಿನ ಆಂಟಿಯರೆಲ್ಲ ತಂಗಿ ಮದುವೆ, ಅಣ್ಣನ ಮಗನ ಮುಂಜಿ ಅಂತ ಟೇಪ್ ಹಿಡ್ಕೊಂಡು ಬರೋಕೆ ಶುರು ಮಾಡಿದ್ರು. ಇಲ್ಲಿಯ ಥರಕ್ಕೆ ಬದಲಾಯಿಸಿ ಕೊಡ್ತಿದ್ದೆ. ನನ್ನ ವಯಸ್ಸಿಗೆ ನಾನು ನೋಡಿರೋ ಮುಹೂರ್ತ ಯಾವ ಪುರೋಹಿತರೂ ನೋಡಿರಲ್ಲ.

ನನ್ನ ರೂಂಮೇಟ್ ಬಸವರಾಜ. ಧಾರವಾಡದ ಆ ಕಡೆ, ನವಲಗುಂದದ ಹತ್ತಿರ ಒಂದು ಹಳ್ಳಿ. ಪ್ರಿನ್ಸ್‌ಟನ್ನಲ್ಲಿ ಔಷಧಿ ಕಂಪನಿಯ ಕಂಪ್ಯೂಟರ್ ನೋಡ್ಕೊಳ್ಳೋ ಕೆಲಸ, ದಿನಾ ರೂಟ್ ಒನ್ ಹೈವೇ ಟ್ರಾಫಿಕ್ಕಲ್ಲಿ ಓಡಾಟ. ಮನೆಗೆ ಬಂದು ನ್ಯೂಸ್ ನೋಡೋಣ ಅಂದ್ರೆ ಟೀವಿ ಮುಂದೆ ನಾನು. ನನ್ನ ಗಾಯಕನಿಗೆ ಬೆವರಪ್ಪ ಅಂತ ಹೆಸರಿಟ್ಟೋನು ಅವನೇ.

"ಲೇ, ಮತ್ತ ಬಂದನೇನು ನಿಮ್ಮ ಬೆವರಪ್ಪ? ಯಾರರ ಒಂದ ಟಾವೆಲ್ ಕೊಡ್ರಲೇ ಅಂವಗ, ನ್ಯುಮೋನಿಯಾ ಆದೀತು."

"ಬಸು, ಸುಮ್ನೆ ಕೇಳೋ. ಈ ಜಾಗದಲ್ಲಿ ಗಂಟಲು ಹೇಗೆ ಒಡೀತಾನೆ ನೋಡು."

"ಒಡದದ್ದನ್ನ ಏನ್ ಕೇಳೂದು! ಆದ್ರ ಹಿಂದಿನ ಆ ಮೂರ ಹೆಣ್ಮಕ್ಕಳು ಛಲೋ ಹಾಡ್ತಾರ ನೋಡು. ಹಿಮ್ಮ್ಯಾಳ ಅಂದ್ರ ಹಂಗಿರಬೇಕು."

ಹಿಮ್ಮೇಳದ ವಿಷಯ ಅವನಿಗೆ ಗೊತ್ತಿತ್ತು. ಅವರಪ್ಪ ಊರಿನ ಭಜನಾ ಮೇಳದಲ್ಲಿದ್ರು. ಮುಂದೆ ಹಾಡೋರಲ್ಲ, ಹಿಂದೆ ಕೂತು ಆ ಸಾಲನ್ನ ವಾಪಸ್ ಎತ್ತಿ ಕೊಡೋರು. ಆ ಊರಲ್ಲಿ ಯಾರ ಮನೇಲಿ ಸಾವಾದ್ರೂ, ಮಣ್ಣು ಮಾಡೋ ತನಕ ಹೆಣದ ಮುಂದೆ ಕೂತು ಭಜನೆ ಮಾಡ್ಬೇಕು. ಅವರಪ್ಪ ಒಂದು ಸಾವೂ ತಪ್ಪಿಸ್ತಿರಲಿಲ್ವಂತೆ. ಜಗಳ ಆಡಿದೋರ ಮನೆಗೂ ತಾಳ ತಗೊಂಡು ಹೋಗೋರು. "ಜಗಳ ಆಡಿದಾಂವ ಸತ್ತಾನಲ್ಲ, ಇನ್ನ ಯಾರ ಕೂಡ ಸಿಟ್ಟು?" ಅನ್ನೋರಂತೆ.

ಆ ಚಳಿಗಾಲದಲ್ಲಿ ಅವರು ಹೋಗಿಬಿಟ್ರು. ಬಸುಗೆ ಫೋನ್ ಬಂದಿದ್ದು ಆಫೀಸಲ್ಲಿ. ಇಲ್ಲಿಂದ ಅಲ್ಲಿಗೆ ಹೋಗೋಷ್ಟರಲ್ಲಿ ಮಣ್ಣಾಗಿರತ್ತೆ. ಆಮೇಲಾದ್ರೂ ಹೋಗೋಣ ಅಂದ್ರೆ, ಆಗಷ್ಟೇ ಕಂಪನಿ ಬದಲಾಯಿಸಿದ್ದ, ವೀಸಾ ಪೇಪರ್ ಅರ್ಧ ದಾರೀಲಿತ್ತು. ದೇಶ ಬಿಟ್ಟು ಹೋದ್ರೆ ವಾಪಸ್ ಬರೋಕೆ ಆಗಲ್ಲ ಅಂತ ಲಾಯರ್ ಹೇಳಿದ. ಅವರವ್ವಾನೇ "ಬ್ಯಾಡ ತಮ್ಮಾ, ಅಲ್ಲೇ ಇರು" ಅಂದ್ರಂತೆ. ಬಸು ಅಳಲಿಲ್ಲ. ಮಾರನೇ ದಿನ ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡು ಆಫೀಸಿಗೆ ಹೋದ. ಅದು ನೋಡೋಕಾಗದೆ ನಾನು ಅವನನ್ನ ಬ್ರಿಡ್ಜ್‌ವಾಟರ್ ದೇವಸ್ಥಾನಕ್ಕೆ ಕರ್ಕೊಂಡ್ ಹೋದೆ. ಬಸು ಕೈ ಮುಗಿದು ತುಂಬಾ ಹೊತ್ತು ನಿಂತಿದ್ದ. ಹೊರಗೆ ಪಾರ್ಕಿಂಗ್ ಲಾಟಲ್ಲಿ ಶೂ ಕಟ್ಕೊಳ್ತಾ ಅಂದ, "ಇಂವ ವೆಂಕಟರಮಣ. ನಮ್ಮಪ್ಪ ಶಿವನ ಭಜನಿ ಮಾಡಿದಾಂವ, ಈ ದೇವರಿಗೆ ಭಾಳ ಗುರ್ತಿಲ್ಲೋ. ಹೇಳ್ಕೊಳ್ಳಾಕ ಸಂಕೋಚ ಆತು." ನಗಬೇಕೋ ಬೇಡವೋ ಗೊತ್ತಾಗ್ಲಿಲ್ಲ. ಕಾರು ಹತ್ತಿ ಹೀಟರ್ ಜಾಸ್ತಿ ಮಾಡಿದೆ.

ಆಮೇಲೆ ಟೇಪ್ ಬಂತು. ಮಗ ದೂರದಲ್ಲಿದಾನೆ ಅಂತ ಊರಿನೋರು ಪೇಟೆಯ ಸ್ಟುಡಿಯೋದೋರನ್ನ ಕರೆಸಿ ಎಲ್ಲಾನೂ ವಿಡಿಯೋ ಮಾಡಿಸಿದ್ರು. ಯಾರದೋ ಸೂಟ್‌ಕೇಸಲ್ಲಿ, ಶೇಂಗಾ ಚಟ್ನಿಪುಡಿ ಪಕ್ಕದಲ್ಲಿ ಕೂತು ಅದು ಅಮೆರಿಕಕ್ಕೆ ಬಂತು. ಬಸು ಅದನ್ನ ಟೀವಿ ಮೇಲಿಟ್ಟು, ದಿನಾ ಧೂಳು ಒರೆಸ್ತಿದ್ದ, ಹಾಕು ಅಂತ ಮಾತ್ರ ಹೇಳ್ತಿರಲಿಲ್ಲ. ನಾನೂ ಕೇಳಲಿಲ್ಲ. ಒಂದು ಶನಿವಾರ ಬೆಳಗ್ಗೆ, ಹೊರಗೆ ಕಾರೆಲ್ಲ ಹಿಮದಲ್ಲಿ ಮುಚ್ಚಿಹೋಗಿತ್ತು, ಅವನೇ ಹೇಳಿದ.

"ಹಚ್ಚಪಾ. ನೋಡೂದಕ್ಕಿಂತ ನಾ ಕೇಳಬೇಕಾಗೇದ."

"ಏನು ಕೇಳಬೇಕು?"

"ಅವ್ವ ಹೇಳಿದ್ಲು, ಊರಿಗೆ ಊರ ಕೂತು ಭಜನಿ ಮಾಡಿತ್ತಂತ. ಅಪ್ಪ ಎಲ್ಲಾರಿಗೂ ಹಾಡಿದಾಂವ. ಅಂವಗ ಅವರು ಹೆಂಗ ಹಾಡಿದ್ರು, ಅದೊಂದ ಕೇಳಬೇಕು. ಅಷ್ಟ ಕೇಳಿದ್ರ ಸಾಕು ನನಗ."

ಟೇಪ್ ಹಾಕಿದೆ. ಚೆಂಡುಹೂವಿನ ಹಾರ ಹಾಕ್ಕೊಂಡು, ತಲೆಗೆ ಪಟಗ ಸುತ್ತಿ, ಹಣೆ ತುಂಬ ವಿಭೂತಿ ಇಟ್ಟು, ಗೋಡೆಗೆ ಒರಗಿ ಒಬ್ಬ ಹಿರಿಯರು ಕೂತಿದಾರೆ. ಸುತ್ತ ಜನ. ನನಗೆ ಖುಷಿಯಾಯ್ತು. ಮೊದಲು ಹಳೇ ವಿಡಿಯೋ ಏನೋ ಸೇರಿಸಿದಾರೆ ಅನ್ಕೊಂಡು, ವಾತಾವರಣ ಸ್ವಲ್ಪ ಹಗುರ ಮಾಡೋಣ ಅಂತ ಬಾಯಿ ಬಿಟ್ಟೆ, "ಅಪ್ಪ ಎಷ್ಟು ಲಕ್ಷಣವಾಗಿ ಕೂತಿದಾರೆ ಕಣೋ! ಇದು ಯಾವಾಗ ಸನ್ಮಾನ ಆಗಿದ್ದು?"

ಬಸು ನನ್ನ ಕಡೆ ತಿರುಗಿ ನೋಡಿದ. ಬೈಯಲಿಲ್ಲ. ಚಿಕ್ಕ ಮಗೂಗೆ ಹೇಳೋ ಹಾಗೆ ಹೇಳಿದ, "ನಮ್ಮಲ್ಲಿ ಮಲಗಸೂದಿಲ್ಲೋ. ಕೂಡಸ್ತಾರ. ಅಂವ ಹೋಗ್ಯಾನ."

ಭೂಮಿ ಬಾಯ್ಬಿಟ್ರೆ ಹೋಗೋಣ ಅಂದ್ರೆ ನಾವಿದ್ದಿದ್ದು ಮೂರನೇ ಮಹಡಿ. ಅಷ್ಟರಲ್ಲಿ ಸ್ಟುಡಿಯೋದೋನ ಕೈಚಳಕ ಶುರುವಾಯ್ತು. ಅವನ ಹತ್ರ ಇದ್ದಿದ್ದು ಮದುವೆ ವಿಡಿಯೋ ಮಾಡೋ ಸಾಮಾನು ಮಾತ್ರ. ಹಾಗಾಗಿ ಒಂದು ದೃಶ್ಯ ಹೋಗಿ ಇನ್ನೊಂದು ಬರೋವಾಗೆಲ್ಲ ತೆರೆ ಮೇಲೆ ದೊಡ್ಡ ಹೃದಯ ತೆರೆದುಕೊಳ್ತಿತ್ತು. ಹೃದಯದೊಳಗಿಂದ ಅಳ್ತಾ ಇರೋ ಅವ್ವ ಬರ್ತಾರೆ. ಇನ್ನೊಂದು ಹೃದಯದೊಳಗಿಂದ ವಿಮಾನ ಕಟ್ಟೋರು ಬರ್ತಾರೆ, ವಿಮಾನ ಅಂದ್ರೆ ಬಿದಿರಿಂದು, ಹೆಣ ಕೂರಿಸ್ಕೊಂಡು ಹೋಗೋದು. ಮೂಲೆಯಿಂದ ಗುಲಾಬಿ ಹೂವು ಬೇರೆ ಉದುರ್ತಾ ಇತ್ತು. ನಾನು ಬಸು ಮುಖ ನೋಡ್ಲಿಲ್ಲ. ಆಮೇಲೆ ಭಜನೆ ಮೇಳ ಕಾಣಿಸ್ತು. ಹಾರ್ಮೋನಿಯಂ ಇದೆ, ದಪ್ಪು ಇದೆ, ತಾಳ ಇದೆ, ಕತ್ತಿನ ನರ ಉಬ್ಬೋ ಹಾಗೆ ಜನ ಹಾಡ್ತಾ ಇದಾರೆ. ಕೇಳಿಸ್ತಿರೋದು ಮಾತ್ರ ಕೀಬೋರ್ಡಲ್ಲಿ ಬಾರಿಸಿದ ಕೊಳಲಿನ ಒಂದು ಟ್ಯೂನು. ಲಿಫ್ಟಲ್ಲಿ ಹಾಕ್ತಾರಲ್ಲ, ಅಂಥದ್ದು. ಬಸು ಎದ್ದು ವಾಲ್ಯೂಮ್ ಜಾಸ್ತಿ ಮಾಡಿದ. ಕೊಳಲು ಜೋರಾಯ್ತು. ಇನ್ನೂ ಜಾಸ್ತಿ ಮಾಡಿದ. ಕೆಳಗಿನ ಮನೆಯೋರು ಬಡಿದ್ರು.

ಎಷ್ಟೋ ಮದುವೆ ಟೇಪ್ ನೋಡಿದ ನನಗೆ ತಕ್ಷಣ ಗೊತ್ತಾಗಿತ್ತು. ಸ್ಟುಡಿಯೋದೋರು ಮೂಲ ಶಬ್ದ ಅಳಿಸಿ ಮೇಲೆ ಮ್ಯೂಸಿಕ್ ಕೂರಿಸ್ತಾರೆ, ಚೆನ್ನಾಗಿರ್ಲಿ ಅಂತ. ಬಸು ಊರಿಗೆ ಫೋನ್ ಮಾಡಿ ಚಿಕ್ಕಪ್ಪನ ಮಗನನ್ನ ಕೇಳಿದ. ಅವನು ಸ್ಟುಡಿಯೋಗೆ ಹೋಗಿ ವಿಚಾರಿಸಿದ. ಮೂಲ ಟೇಪ್ ಮೇಲೆ ಆಗಲೇ ಯಾರದೋ ನಿಶ್ಚಿತಾರ್ಥ ಆಗಿಹೋಗಿತ್ತು. ಊರೆಲ್ಲ ಹಾಡಿತ್ತು, ಹಾಡಿದ್ದು ಮಾತ್ರ ಈ ಭೂಮಿ ಮೇಲೆ ಎಲ್ಲೂ ಉಳಿದಿರಲಿಲ್ಲ. ಬಸು "ಆತು ಬಿಡು" ಅಂದ. ಆ ವಾರವೆಲ್ಲ "ಆತು ಬಿಡು" ಬಿಟ್ರೆ ಬೇರೆ ಮಾತು ಅವನ ಬಾಯಿಂದ ಬಂದಿದ್ದು ನೆನಪಿಲ್ಲ.

ಮುಂದಿನ ಶನಿವಾರ ನಾನು ಹೆಡ್‌ಫೋನ್ ಹಾಕ್ಕೊಂಡು ಬೆವರಪ್ಪನ್ನ ನೋಡ್ತಾ ಇದ್ದೆ. ಮನೇಲಿ ಸಾವಾಗಿದೆ, ಜೋರಾಗಿ ಹಾಕೋದು ಸರಿಯಲ್ಲ ಅಂತ. ಬಸು ಬಂದು ಹೆಡ್‌ಫೋನ್ ವೈರ್ ಕಿತ್ತ. ಶಬ್ದ ರೂಮ್ ತುಂಬಾ ಬಂತು. ಜರ್ಮನಿಯ ಟೀವಿ ಕಾರ್ಯಕ್ರಮ ಅದು, ನನ್ನ ಹತ್ರ ಇರೋದರಲ್ಲಿ ಎಲ್ಲಕ್ಕಿಂತ ಒಳ್ಳೇದು, ಬಾಯಾಡಿಸಿದ್ದಲ್ಲ, ನಿಜವಾಗ್ಲೂ ನಿಂತು ಹಾಡಿದ್ದು. ಬೆವರಪ್ಪ ಒಂದು ಸಾಲು ಎಸೀತಾನೆ, ಆ ಮೂರು ಹೆಂಗಸರು "ಆ ಯಾ" ಅಂತ ವಾಪಸ್ ಕೊಡ್ತಾರೆ. ಮತ್ತೆ ಎಸೀತಾನೆ, "ಆ ಯಾ". ಬಸು ಟೀವಿಗೆ ಬೆನ್ನು ಹಾಕಿ, ಕಿಟಕಿ ಕಡೆ ಮುಖ ಮಾಡಿ ಕೇಳ್ತಾ ನಿಂತ.

"ಇವರು ಅಯ್ಯಾ ಅಂತಾರಲೇ!"

"ಅಯ್ಯಾ ಅಲ್ಲ ಕಣೋ. 'ಆ ಯಾ' ಅಂತ. ಹೌದು ಅನ್ನೋದಕ್ಕೆ ಇಲ್ಲಿಯೋರು ಹಾಗಂತಾರೆ."

"ಭಜನ್ಯಾಗ ನಾವೂ ಹೌದು ಅಂತನ ಅಯ್ಯಾ ಅನ್ನೂದು. ಇನ್ನೊಮ್ಮೆ ಹಚ್ಚು."

ಹಾಕಿದೆ. ಮತ್ತೆ ಹಾಕಿಸಿದ. ಆಮೇಲೆ ತಿರುಗಿ ನೋಡದೇ ಕೇಳಿದ, "ಇದನ್ನ ಅಪ್ಪನ ಟೇಪಿಗೆ ಕೂಡಸಾಕ ಬರ್ತದೇನು?"

ನಾನು ನನ್ನ ಭಾಷಣ ಶುರು ಮಾಡಿದೆ. ಒಂದರ ಚಿತ್ರಕ್ಕೆ ಇನ್ನೊಂದರ ಶಬ್ದ ಕೂರಿಸಬಾರದು, ಅದು ಗಾಯಕನಿಗೆ ಮಾಡೋ ದ್ರೋಹ, ಸಂಗ್ರಹ ಮಾಡೋರು ಅಂಥ ಕೆಲಸ ಮಾಡಿದೋರನ್ನ ಮಾತೂ ಆಡಿಸಲ್ಲ... ಬಸು ಅಷ್ಟೂ ಕೇಳಿ, "ಅದೆಲ್ಲ ಖರೆ. ನಿನಗ ಬರ್ತದೋ ಇಲ್ಲೋ, ಅಷ್ಟ ಹೇಳು" ಅಂದ. "ಬರತ್ತೆ" ಅಂದೆ.

ಮಾಡಿದ್ವಿ. ಹೇಗೆ ಅಂದ್ರೆ, ಒಂದು ವೀಸೀಆರಿಂದ ಚಿತ್ರದ ಹಳದಿ ವೈರು, ಟೇಪ್ ರೆಕಾರ್ಡರಿಂದ ಶಬ್ದದ ಕೆಂಪು ಬಿಳಿ ವೈರು, ಎರಡೂ ಇನ್ನೊಂದು ವೀಸೀಆರಿಗೆ. ಕಾರಲ್ಲಿ ಕೇಳೋಕೆ ಅಂತ ಆ ಜರ್ಮನಿ ಹಾಡನ್ನ ಕ್ಯಾಸೆಟ್ಟಿಗೆ ಇಳಿಸ್ಕೊಂಡಿದ್ದೆ. ನಾನು ಎರಡು ಗುಂಡಿ ಒಟ್ಟಿಗೆ ಒತ್ತಿದೆ, ಸುಲಭ ಅನ್ಕೊಂಡು. ಆದ್ರೆ ಭಜನೆಯೋರ ಮಗ ಬಿಡ್ತಾನಾ? "ತಾಳ ತಪ್ಪಾಕತ್ತದ. ಹಿಂದ ತಗೋ." ಹಿಂದೆ ತಗೊಂಡೆ. "ಏ, ಈಗ ದಪ್ಪು ಮೊದಲ ಬಂತು. ಒಂದೀಟ ತಡದು ಹಚ್ಚಲೇ." ತಡೆದು ಹಾಕಿದೆ. "ಶಾಲು ಹೊತ್ತಾನ ನೋಡು, ಅಂವ ಪರಪ್ಪ ಕಾಕಾ. ಅಂವನ ಕೈ ಎಂದೂ ತಪ್ಪಂಗಿಲ್ಲ. ಅಂವನ ಕೈ ನೋಡಿ ಬಿಡು." ನನ್ನ ಜೀವಮಾನದಲ್ಲಿ ಇಷ್ಟು ಕಟ್ಟುನಿಟ್ಟಿನ ಡೈರೆಕ್ಟರ್ ಹತ್ರ ನಾನು ಕೆಲಸ ಮಾಡಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಸಲ, ಹೇಗೋ, ಪರಪ್ಪ ಕಾಕಾನ ತಾಳ ಬಿತ್ತು, ಜರ್ಮನಿಯ ಡ್ರಮ್ಮೂ ಅದೇ ಗಳಿಗೇಲಿ ಬಿತ್ತು. ಇಬ್ಬರೂ ಉಸಿರು ಹಿಡ್ಕೊಂಡು ಕೂತ್ವಿ. ಹಾರ್ಮೋನಿಯಂ ಹಿಡಿದೋನು ಬಾಯಿ ತೆರೆದ, ಬೆವರಪ್ಪನ ದನಿ ಬಂತು. ಹಿಂದೆ ಕೂತಿದ್ದ ಗಿರಿಜಾ ಮೀಸೆಯ ಮೂರು ಜನ ಗಂಡಸರು ಬಾಯಿ ತೆರೆದ್ರು, ಮೂರು ಹೆಂಗಸರ ದನೀಲಿ "ಅಯ್ಯಾ" ಅಂತ ಬಂತು.

ಬಸು ನಕ್ಕ. ಅವರಪ್ಪ ಹೋದ್ಮೇಲೆ ಅವನು ನಕ್ಕಿದ್ದು ನಾನು ನೋಡಿರಲಿಲ್ಲ. ಹೊಟ್ಟೆ ಹಿಡ್ಕೊಂಡು, ಸೋಫಾ ಮೇಲೆ ಬಿದ್ದು, "ಲೇ, ಆ ಮೀಸಿ ಪಕ್ಕೀರನ ದನಿ ನೋಡಲೇ, ಪಕ್ಕೀರ!" ಅಂತ ನಕ್ಕ. ನಾನೂ ನಕ್ಕೆ. ನಗ್ತಾ ನಗ್ತಾ ಇದ್ದೋನು ಯಾವಾಗ ಆ ಕಡೆ ದಾಟಿದ್ನೋ ಗೊತ್ತಾಗ್ಲಿಲ್ಲ. ಶಬ್ದ ಅದೇ ಇತ್ತು, ಭುಜ ಕುಲುಕೋದೂ ಅದೇ. ಮುಖ ಮಾತ್ರ ದಿಂಬಲ್ಲಿತ್ತು. ತೆರೆ ಮೇಲೆ ಅವರಪ್ಪ ವಿಭೂತಿ ಇಟ್ಕೊಂಡು ಕೂತಿದ್ರು. ಹಿಮ್ಮೇಳದೋರು ಒಂದು ಸಾಲೂ ಬಿಡದೇ ವಾಪಸ್ ಕೊಡ್ತಾ ಇದ್ರು. ನಾನು ಏನು ಮಾಡ್ಲಿ? ಯಾರಾದ್ರೂ ಅಳೋವಾಗ ಏನು ಮಾಡ್ಬೇಕು ಅಂತ ಇಂಟರ್ನೆಟ್ಟಲ್ಲಿ ಕಲಿತಿರಲಿಲ್ಲ. ಎದ್ದು ಹೋಗಿ ಒಂದು ಟವೆಲ್ ತಂದುಕೊಟ್ಟೆ.

ಮಾರನೇ ದಿನ ಬೆಳಗ್ಗೆ ಅವನು ಅವ್ವಂಗೆ ಫೋನ್ ಮಾಡಿದ. ಊರಲ್ಲಿ ಆಗ ಸಂಜೆ. "ಅವ್ವಾ, ಕೇಳಿಲ್ಲೆ" ಅಂತ ರಿಸೀವರನ್ನ ಟೀವಿಗೆ ಹಿಡಿದ. ಪೂರ್ತಿ ಹಾಡು. ಕಾಲಿಂಗ್ ಕಾರ್ಡಿನ ಹೆಂಗಸು ಮಧ್ಯೆ ಬಂದು ಇನ್ನು ಸ್ವಲ್ಪವೇ ಟೈಮ್ ಇದೆ ಅಂತ ಹೇಳಿಯೂ ಹೋದಳು. ಮುಗಿದ ಮೇಲೆ ಇಬ್ಬರಿಗೂ ಕೇಳ್ಲಿ ಅಂತ ಸ್ಪೀಕರ್ ಒತ್ತಿದ. ಆ ಕಡೆಯಿಂದ ಮೊದಲು ಎಮ್ಮೆ ಕೂಗಿದ್ದು ಕೇಳಿಸ್ತು.

"ಯಾರಪಾ ಇವರು?" ಅಂದ್ರು ಅವ್ವ. "ನಮ್ಮ ಊರವರ ದನಿ ಅಲ್ಲ ಇದು."

"ಇಲ್ಲಿಯವರವ್ವಾ. ಅಮೆರಿಕಾದವರು."

"ಅಪ್ಪಗ ಹಾಡಿದ್ರ?"

ಬಸು ನನ್ನ ಮುಖ ನೋಡಿದ. ನಾನು ವೈರ್ ಸುತ್ತೋದರಲ್ಲಿ ಮಗ್ನನಾದೆ. "ಹೂಂನವ್ವಾ" ಅಂದ.

"ಗುರ್ತಿಲ್ಲದವರು ಇಷ್ಟ ಎದಿ ಬಿಚ್ಚಿ ಹಾಡ್ಯಾರಲ್ಲೋ... ಊಟಕ್ಕ ಹಾಕಿದ್ಯೇನು ಅವರಿಗೆ?"

"ಆಂ?"

"ಆಂ ಅಂತ ಏನಂತಿ! ಸತ್ತ ಮನಿಯಾಗ ಭಜನಿ ಮಾಡಿದವರನ್ನ ಹಂಗ ಹಸದ ಹೊಟ್ಟೀಲೆ ಕಳಸ್ತಾರೇನು? ಅಪ್ಪ ಇದ್ದಿದ್ರ ಬೈತಿದ್ದ. ಮೊದಲ ಅವರಿಗೆ ಉಣಸು, ಆಮ್ಯಾಲ ಫೋನ್ ಮಾಡು" ಅಂದು ಅವ್ವ ಇಟ್ಟೇಬಿಟ್ರು.

ಬಸು ಆ ದಿನ ಕಡಲೆಹಿಟ್ಟಿನ ಜುಣಕ ಮಾಡಿದ. ಜೋಳದ ಹಿಟ್ಟಿರಲಿಲ್ಲ, ಅಂಗಡಿ ಟಾರ್ಟಿಯಾನೇ ಬೆಂಕಿ ಮೇಲೆ ಉಬ್ಬಿಸಿ ರೊಟ್ಟಿ ಅಂದ. ಊರಿಂದ ಬಂದಿದ್ದ ಶೇಂಗಾ ಚಟ್ನಿ ಬಿಚ್ಚಿದ, ಮೊಸರಿಟ್ಟ, ಈರುಳ್ಳಿ ಕೈಯಲ್ಲೇ ಗುದ್ದಿ ಒಡೆದ. ತಟ್ಟೆ ನನ್ನ ಮುಂದಿಟ್ಟು, "ನಿಮ್ಮ ಬೆವರಪ್ಪ ಬರಾಂಗಿಲ್ಲ. ಅಂವನ ಕಡಿಯಿಂದ ನೀನ ಉಣ್ಣು" ಅಂದ. ನಾನು ಬೇಡ ಅಂದೆ, ನಿಜವಾಗ್ಲೂ ಅಂದೆ. ಒಂದು ಸಾಲು ಹಾಡೋಕೆ ಬರದೋನು, ಬರೀ ಗುಂಡಿ ಒತ್ತಿದೋನು, ಅವರಪ್ಪನ ಹೆಸರಿನ ಊಟ ಹೇಗೆ ಮಾಡೋದು? ಅಲ್ಲಿ ಒಬ್ಬ ಸುಸ್ತಾಗಿ ಬೆವರು ಸುರಿಸಿದಾನೆ, ಅದರ ಊಟ ಇಲ್ಲಿ ನನ್ನ ಮುಂದೆ. ಬಸು ರೊಟ್ಟಿ ಮುರಿದು, ಜುಣಕ ಸುತ್ತಿ, ನನ್ನ ಕೈಗೇ ಕೊಟ್ಟ. ಬಾಯಿಗಿಟ್ಟೆ. ಖಾರ ನೆತ್ತಿಗೇರಿತು. ಹಣೆಯಿಂದ, ಕಿವಿ ಹಿಂದಿಂದ, ಮೂಗಿನ ತುದಿಯಿಂದ ಬೆವರು ಇಳೀತಾ ಇತ್ತು, ಕಣ್ಣಲ್ಲೂ ನೀರು, ಅದು ಖಾರಕ್ಕೇ ಅಂತ ನಾನು ಇವತ್ತಿಗೂ ಹೇಳ್ತೀನಿ. ಇನ್ನೊಂದು ಹಾಕ್ಲೇನು ಅಂತ ಬಸು ಕೇಳಿದ. ಹಾಡೋರ ಹೊಟ್ಟೆ ದೊಡ್ಡದಿರತ್ತಲ್ಲ, ಹಾಕು ಅಂದೆ.